ಕಕ್ಷೆಯ ಲೆಕ್ಕ ಕದ್ದವರು ಯಾರು?

"ಅಯ್ಯಾ, ನಾನು ಕಾಪಿ ಹೊಡೆದಿಲ್ಲ. ನೀವಾದರೂ ನಂಬಿ."

ತುಮ್ಮನಟ್ಟಿಯ ಇಂದ್ರಾಣಿ ಹೀಗೆಂದಾಗ ಗುರುಮಲ್ಲಪ್ಪನವರು ಊಟಿಯ ನನ್ನ ಆಲೂಗಡ್ಡೆ ಮಂಡಿಯ ಮಹಡಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಮೈಸೂರಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಅವರಿಗೆ ಪತ್ತೇದಾರಿಕೆಯ ಹುಚ್ಚು. ಬಾಡಿಗೆ ಕೊಡುವುದನ್ನು ಮಾತ್ರ ಮರೆಯುತ್ತಿದ್ದರು.

ಮದರಾಸಿನ ಕಾಲೇಜಿಗೆ ವಿದ್ಯಾರ್ಥಿವೇತನ ಸಿಗುವುದು ಒಬ್ಬರಿಗೆ. ಪರೀಕ್ಷೆಯಲ್ಲಿ ಇಂದ್ರಾಣಿಯ ಉತ್ತರವೂ ಊಟಿ ಪೇಟೆಯ ರಂಗನಾಥನ್ ಉತ್ತರವೂ ಒಂದೇ ಆಗಿದ್ದವು. ಹಿಂದೆ ಕೂತವಳು ಇವಳಾದ್ದರಿಂದ ಕಳ್ಳಿಯೂ ಇವಳೇ ಎಂದು ಅವರ ಶಾಲೆಯ ಕೃಷ್ಣನ್ ಮೇಷ್ಟ್ರು ತೀರ್ಮಾನಿಸಿದ್ದರು.

"ಹೆಸರು ಹೋದರೆ ಅಪ್ಪ ಇನ್ನು ಓದಿಸಲ್ಲ," ಎಂದಳು. ಗುರುಮಲ್ಲಪ್ಪನವರು ಕಾಫಿ ಲೋಟ ಕೆಳಗಿಟ್ಟರು.

"ಬರೆದು ಮುಗಿಸಿ ಹಾಳೆ ಏನು ಮಾಡಿದೆಯಮ್ಮ?"

"ಮುಂದೆ ಕೂತವರ ಕೈಗೆ ಕೊಟ್ಟೆ. ಗಂಟೆ ಹೊಡೆದ ಮೇಲೆ ಅವರೇ ಎಲ್ಲರದ್ದೂ ಮೇಷ್ಟ್ರಿಗೆ ಒಪ್ಪಿಸೋದು. ನಾನು ಬೇಗ ಮುಗಿಸಿದ್ದೆ."

ಅಂದೇ ಮಧ್ಯಾಹ್ನ ನಾವು ಮೂವರು, ಕೃಷ್ಣನ್ ಮೇಷ್ಟ್ರು, ರಂಗನಾಥನ್ ಎಲ್ಲ ಶಾಲೆಯ ತರಗತಿಯಲ್ಲಿ ಸೇರಿದೆವು. ಭೂಮಿಯ ಮೇಲ್ಮೈಯಿಂದ ಇನ್ನೂರು ಮೈಲಿ ಎತ್ತರದಲ್ಲಿ ಚಂದ್ರನ ಹಾಗೆ ಸುತ್ತುವ ಕಲ್ಲಿನ ವೇಗವೆಷ್ಟು, ಅದರ ಒಟ್ಟು ಶಕ್ತಿಯೆಷ್ಟು ಎಂಬುದು ಪ್ರಶ್ನೆ.

"ಭೂಮಿಯ ತ್ರಿಜ್ಯ ನಾಲ್ಕು ಸಾವಿರ ಮೈಲಿ, ಕೇಂದ್ರದಿಂದ ಕಲ್ಲಿಗೆ ನಾಲ್ಕು ಸಾವಿರದ ಇನ್ನೂರು ಬರಬೇಕು," ಎಂದರು ಗುರುಮಲ್ಲಪ್ಪ, ಇಬ್ಬರ ಹಾಳೆಯನ್ನೂ ನೋಡುತ್ತ. "ಇಬ್ಬರೂ ಅದರ ಮೇಲೆ ಒಂದೂಕಾಲು ಮೈಲಿ ಸೇರಿಸಿದ್ದೀರಿ. ಯಾಕಪ್ಪ ರಂಗನಾಥನ್?"

"ನಾನೂ ಬೆಟ್ಟದವನೇ ಸಾರ್. ನಾವು ನಿಂತ ನೆಲದ ಎತ್ತರ ಸೇರಿಸಿದೆ," ಎಂದ ಅವನು ಧೈರ್ಯವಾಗಿ.

"ನಿನ್ನ ಮನೆ?"

"ಊಟಿ ಪೇಟೆಯಲ್ಲೇ."

"ಊಟಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೂವರೆ ಮೈಲಿ ಮೇಲಿದೆ. ಒಂದೂಕಾಲು ಮೈಲಿ ಇರುವುದು ತಗ್ಗಿನಲ್ಲಿರುವ ತುಮ್ಮನಟ್ಟಿ. ನಿನ್ನ ಊರಿನ ನೆಲ ಬಿಟ್ಟು ಇವಳ ಊರಿನ ನೆಲದಿಂದ ನೀನೇಕೆ ಅಳೆದೆ? ಗಂಟೆ ಹೊಡೆಯುವವರೆಗೆ ಇವಳ ಹಾಳೆ ನಿನ್ನ ಕೈಯಲ್ಲೇ ಇತ್ತು. ಹಿಂದಿನವಳಾದರೆ ಇಣುಕಿ ನೋಡಬೇಕು, ನಿನಗೆ ತಿರುಗುವ ಅಗತ್ಯವೂ ಇರಲಿಲ್ಲ."

ರಂಗನಾಥನ್ ತಲೆ ತಗ್ಗಿಸಿದ. "ಒಟ್ಟು ಶಕ್ತಿಗೆ ಮೈನಸ್ ಚಿಹ್ನೆ ಯಾಕೆ ಬರುತ್ತೆ ಅಂತ ನಂಗೆ ಹೊಳೀಲಿಲ್ಲ ಸಾರ್. ನೋಡಿ ಬರೆದುಬಿಟ್ಟೆ."

ಕೃಷ್ಣನ್ ಮೇಷ್ಟ್ರ ಮುಖ ಪೆಚ್ಚಾಯಿತು. "ನನ್ನನ್ನು ಕ್ಷಮಿಸಮ್ಮ. ಆದರೆ ನಿನ್ನ ಲೆಕ್ಕವೂ ತಪ್ಪೇ. ಮೇಲ್ಮೈ ಅಂದರೆ ಸಮುದ್ರಮಟ್ಟ."

"ನಮ್ಮ ಹೊಲ ಭೂಮಿಯ ಮೇಲ್ಮೈ ಅಲ್ಲವಾ ಸಾರ್?"

ಮೇಷ್ಟ್ರಿಗೆ ನಗು ಬಂತು. ಮದರಾಸಿಗೆ ಅವಳ ಹೆಸರನ್ನೇ ಬರೆದರು, ಒಂದು ಅಂಕ ಮಾತ್ರ ಕಳೆದರು. ಬೆಳಗ್ಗೆ ಅಳುತ್ತಾ ಬಂದಿದ್ದ ಹುಡುಗಿ ಆ ಒಂದು ಅಂಕಕ್ಕಾಗಿ ತುಮ್ಮನಟ್ಟಿಯ ಬಸ್ಸು ಹತ್ತುವವರೆಗೂ ಮೇಷ್ಟ್ರ ಜೊತೆ ಜಗಳವಾಡಿದಳು.