ನಳಿಗೆಯೊಳಗಿನ ಹಳದಿ

ಶಶಿಕಾಂತನ ಪಿಸ್ತೂಲಿಗೂ ವೆಂಕಟಗಿರಿಯ ಎದೆಗೂ ನಡುವೆ ಇದ್ದದ್ದು ನಾನೊಬ್ಬಳೇ.

"ಸರೀರಿ ಮೇಡಂ," ಎಂದ ಶಶಿಕಾಂತ. "ನಮ್ಮಣ್ಣನ್ನ ಕೊಂದಾನ ಇವ."

"ಕೊಂದಿಲ್ಲ."

"ತೋಟಾ ತುಂಬಿದಾವ ಯಾರ್ರಿ ಮತ್ತ?"

"ನಾನೇ," ಎಂದಿತು ಬೆನ್ನ ಹಿಂದಿನ ದನಿ. "ಅನಘಾ, ನೀವು ಪಕ್ಕಕ್ಕೆ ಬನ್ನಿ. ಅವರು ಹೇಳ್ತಿರೋದು ನಿಜ."

ನೋಡಿ, ನನ್ನ ಪತ್ತೇದಾರಿ ಕಸುಬಿನಲ್ಲಿ ಇದೇ ತಲೆನೋವು. ಸಾಯಿಸಲು ಬಂದವನನ್ನು ಹೇಗೋ ನಿಭಾಯಿಸಬಹುದು. ಸಾಯಲು ತಯಾರಾಗಿ ನಿಂತವನನ್ನು ಏನು ಮಾಡುತ್ತೀರಿ?

ವೆಂಕಟಗಿರಿ ಮೈಸೂರಿನವನು. ಆಸ್ಟಿನ್‌ನ ದ ಡೊಮೇನ್ ಬಡಾವಣೆಯ ಕಂಪನಿಯೊಂದರಲ್ಲಿ ಚಿಪ್ ಡಿಸೈನ್ ಮಾಡುತ್ತಾನೆ. ಅವನ ಜೀವದ ಗೆಳೆಯ, ಶಶಿಕಾಂತನ ಅಣ್ಣ ಬಾಳಪ್ಪ, ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ವ್ಯಾಪಾರಿ, ಹರಾಜಿನಲ್ಲಿ ಒಂದು ಓಬೀರಾಯನ ಕಾಲದ ರೈಫಲ್ ಕೊಂಡಿದ್ದ. ಹೆಬ್ಬೆರಳು ತೂರುವಷ್ಟು ದಪ್ಪ ನಳಿಗೆ. ಅದಕ್ಕೆ ತೋಟಾ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಎಷ್ಟು ಮದ್ದು ತುಂಬಬೇಕೆಂದು ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ.

ಅದನ್ನು ವೆಂಕಟಗಿರಿ, ನಾವೀಗ ನಿಂತಿರುವ ತನ್ನ ಮನೆಯ ಈ ಗ್ಯಾರೇಜಿನಲ್ಲಿ ಕುಳಿತು, ತಾನೇ ಕಂಡುಹಿಡಿದ. ಊರಾಚೆ ಹೋಗಿ ರೈಫಲನ್ನು ಕಟ್ಟೆಗೆ ಬಿಗಿದು, ದೂರದಿಂದ ಹಗ್ಗ ಎಳೆದು ಹಾರಿಸುತ್ತಿದ್ದ. ಪ್ರತಿ ಸಲವೂ ಖಾಲಿ ತೋಟಾವನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದ. ಚೂರು ಅನುಮಾನ ಬಂದರೂ ಅಲ್ಲಿಗೇ ನಿಲ್ಲಿಸುತ್ತಿದ್ದ. ತಿಂಗಳುಗಟ್ಟಲೆ ಹೀಗೆ ಒದ್ದಾಡಿದ ಮೇಲೇ ಗೆಳೆಯನ ಕೈಗೆ ತೋಟಾ ಕೊಟ್ಟದ್ದು.

ದಸರೆಯ ಮರುದಿನ ಬಾಳಪ್ಪ ಅದನ್ನು ಹಾಕಿ ಟ್ರಿಗರ್ ಎಳೆದ. ನಳಿಗೆ ಸಿಡಿಯಿತು. ಚೂರೊಂದು ಕುತ್ತಿಗೆಗೆ ಹೊಕ್ಕಿತು... ಅಷ್ಟೇ.

ಅಂದಿನಿಂದ ವೆಂಕಟಗಿರಿಗೆ ನಿದ್ದೆಯಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಗ್ಯಾರೇಜಿಗೆ ಓಡುತ್ತಾನೆ. ಅಲ್ಲಿ ಸ್ಟೂಲಿನ ಮೇಲೆ ಬಾಳಪ್ಪ ಕೂತಿರುತ್ತಾನಂತೆ. "ಎಷ್ಟ್ ಹಾಕೀದಿಯೋ ಗಿರಿ?" ಎಂದು ಕೇಳುತ್ತಾನಂತೆ. ಹೆಂಡತಿ ನಳಿನಿ ಹೆದರಿ ನನಗೆ ಫೋನ್ ಮಾಡಿದಳು. ಯಾಕೆ ಸಿಡಿಯಿತೆಂದು ಗೊತ್ತಾಗದಿದ್ದರೆ ಗಂಡ ಉಳಿಯುವುದಿಲ್ಲ ಎಂದಳು.

ಇವತ್ತು ಬೆಳಿಗ್ಗೆ ನಾನು ಡಾಲಸ್‌ನಲ್ಲಿದ್ದೆ, ಒಡೆದ ನಳಿಗೆ ಇಟ್ಟುಕೊಂಡಿದ್ದ ಬಂದೂಕು ಪರೀಕ್ಷಕನ ಬಳಿ. ಹೊರಬಂದರೆ ಕಪ್ಪು ಪಿಕಪ್ಪೊಂದು ಬೆನ್ನು ಹತ್ತಿತು. ಅಣ್ಣನನ್ನು ಕೊಂದವನ ಪರವಾಗಿ ಓಡಾಡುವವಳನ್ನು ಕಂಡರೆ ಶಶಿಕಾಂತನಿಗೆ ಮೈಯೆಲ್ಲ ಉರಿ. ಆಸ್ಟಿನ್‌ಗೆ ಮರಳುವ ದಾರಿಯಲ್ಲಿ ವೇಕೋ ಊರು ದಾಟಿದ ಮೇಲೆ ನನ್ನ ಕಾರಿಗೆ ಹಿಂದಿನಿಂದ ಗುದ್ದಿದ. ಮತ್ತೆ ಗುದ್ದಿದ. ಸರ್ವಿಸ್ ರೋಡಿಗೆ ಇಳಿದು ತಪ್ಪಿಸಿಕೊಂಡೆ ಅಂದುಕೊಂಡೆ. ದಡ್ಡಿ! ಅವನಿಗೆ ಈ ಗ್ಯಾರೇಜಿನ ದಾರಿ ತೋರಿಸಿದವಳೇ ನಾನು.

"ಶಶಿಕಾಂತ್, ಮದ್ದು ಜಾಸ್ತಿ ಆದ್ರೆ ರೈಫಲ್ ಎಲ್ಲಿ ಒಡೆಯುತ್ತೆ?"

"ಹಿಂದ. ತೋಟಾ ಕುಂದ್ರೋ ಕಡೆ."

"ಅಲ್ಲಿ ಒಂದು ಬಿರುಕೂ ಇಲ್ಲ. ಒಡೆದಿರೋದು ನಳಿಗೆಯ ಮಧ್ಯ. ಒಳಗೆ ಏನೋ ಸಿಕ್ಕಿಹಾಕಿಕೊಂಡಿತ್ತು. ಅಲ್ಲಿ ಹಳದಿ ಕಲೆ ಇದೆ. ಪರೀಕ್ಷಕ ಪೇಂಟ್ ಇರಬೇಕು ಅಂದ. ನಾನು ಮೂಸಿ ನೋಡ್ದೆ."

"ಏನದು?"

"ದಸರೆಗೆ ನಿಮ್ಮನೇಲಿ ಆಯುಧಗಳಿಗೆ ಖಂಡೆಪೂಜೆ ಮಾಡಿದ್ದು ಯಾರು?"

ಪಿಸ್ತೂಲು ಮೆಲ್ಲನೆ ಕೆಳಗಿಳಿಯಿತು.

"ಅವ್ವ..." ಎಂದ. "ರೈಫಲ್‌ಗೆ ಅರಿಶಿಣ ಕೊಂಬು ಕಟ್ಟಾಕತ್ತಿದ್ಲು. ದಾರ ನಿಲ್ಲಲಿಲ್ಲ. ನಳಿಗಿ ಬಾಯಾಗ ಸಿಗಿಸಿಬಿಟ್ಲು. ನಾ ಅಲ್ಲೇ ನಿಂತಿದ್ದೆ. ನಕ್ಕೆ."

ಒಣಗಿದ ಕೊಂಬು ಕಲ್ಲಿನಷ್ಟು ಗಟ್ಟಿ. ರೈಫಲನ್ನು ನೆಟ್ಟಗೆ ನಿಲ್ಲಿಸಿದಾಗ ಒಳಗೆ ಜಾರಿದೆ. ಹಾರಿಸುವ ಮೊದಲು ಬಾಳಪ್ಪ ನಳಿಗೆಯಲ್ಲಿ ಇಣುಕಿ ನೋಡಲಿಲ್ಲ. ದೇವರ ಮುಂದಿನಿಂದ ಎತ್ತಿಕೊಂಡದ್ದನ್ನು ಯಾರು ಅನುಮಾನಿಸುತ್ತಾರೆ?

ವೆಂಕಟಗಿರಿ ಗೋಡೆಗೊರಗಿ ಕುಸಿದ. ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಶಶಿಕಾಂತ ಪಿಸ್ತೂಲನ್ನು ಬೆಂಚಿನ ಮೇಲಿಟ್ಟು ನನಗೆ ಕೈ ಮುಗಿದ.

"ಅವ್ವಗ ಹೇಳಬ್ಯಾಡ್ರಿ. ಆಕಿ ಬದುಕೂದಿಲ್ಲ."

ಮರುದಿನ ಅವನ ತಾಯಿ ಸುಮಿತ್ರವ್ವನೇ ನನ್ನನ್ನು ಸೈಪ್ರೆಸ್‌ಗೆ ಕರೆಸಿಕೊಂಡಳು. ಶಶಿಕಾಂತ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ.

"ಏನ್ ಸಿಕ್ತು, ತಂಗಿ?"

"ಹಳೇ ಕಬ್ಬಿಣ, ಅವ್ವಾರೆ. ಒಳಗೆ ತುಕ್ಕು ತಿಂದಿತ್ತು. ಯಾರ ತಪ್ಪೂ ಇಲ್ಲ."

"ಅದರಾಗ ನಾ ಒಂದು ಅರಿಶಿಣ ಕೊಂಬು ಸಿಗಿಸಿದ್ದೆ. ತಗದಿದ್ನೇನು ನನ್ನ ಮಗ?"

"ತೆಗೆದಿದ್ರು."

ಅವಳು ನನ್ನ ಮುಖವನ್ನೇ ನೋಡಿದಳು.

"ತಗದಿದ್ರ ಜಗಲಿ ಮ್ಯಾಲ ದೇವರ ಮುಂದ ಇಡ್ತಿದ್ದ. ದಿನಾ ನೋಡ್ತೀನಿ... ಅಲ್ಲಿಲ್ಲವ್ವಾ."

ಅವಳು ಮೊಣಕಾಲು ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು.

ಸುಳ್ಳುಗಾರರನ್ನು ಹಿಡಿದು ಹೊಟ್ಟೆ ಹೊರೆಯುವವಳು ನಾನು. ಆ ಮುದುಕಿ ನನ್ನನ್ನು ಹಿಡಿದು, ಚಹಾ ಕುಡಿಸಿ ಕಳಿಸಿದಳು.