ಭಾಷೆ ಬಾರದವಳ ಸೇಡು

ಪರದೇಶದ ಆ ಶಾಲೆಯ ಸ್ಟಾಫ್‌ರೂಮಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಗಣಿತದ ಟೀಚರ್ ಉತ್ತರಪತ್ರಿಕೆಯ ಮೇಲೆ ಕೆಂಪು ಪೆನ್ನನ್ನು ಹಾಗೇ ಎತ್ತಿ ಹಿಡಿದು ಕುಳಿತುಬಿಟ್ಟಳು. ಅಂದೇ ಕೆಲಸಕ್ಕೆ ಸೇರಿ ಎದುರು ಮೇಜಿಗೆ ಬಂದಿದ್ದ ಭೂಗೋಳದ ಮೇಷ್ಟ್ರು ಕಿಟಕಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದ.

ಊರು ಬಿಟ್ಟು ಬಂದ ಮೇಲೆ ಅವಳು ಕನ್ನಡ ಕೇಳುತ್ತಿದ್ದದ್ದು ಅಮ್ಮನ ಫೋನಿನಲ್ಲಿ ಮಾತ್ರ. ಈಗ ಕೈಗೆಟುಕುವ ದೂರದಲ್ಲಿ, ಬಿಸಿಬಿಸಿ ಕನ್ನಡ! ಅವನು ಫೋನ್ ಇಟ್ಟ ಕೂಡಲೇ ‘ನೀವು ನಮ್ಮೋರಾ?’ ಎಂದು ಕೇಳಿ ಬೆಚ್ಚಿಬೀಳಿಸಬೇಕು ಎಂದುಕೊಂಡು, ತುಟಿ ಕಚ್ಚಿಕೊಂಡು ಕಾದಳು.

“ಜಾಗ ಪರವಾಗಿಲ್ಲ ಅಕ್ಕ, ದೊಡ್ಡ ಕಿಟಕಿ ಇದೆ,” ಅನ್ನುತ್ತಿದ್ದ ಅವನು. “ಇಲ್ಲ, ನಮ್ಮೋರು ಯಾರೂ ಇದ್ದಹಾಗಿಲ್ಲ. ಎದುರಿಗೆ ಒಬ್ಬಳು ಗಣಿತದ ಟೀಚರ್ ಇದಾಳೆ. ಯಾವ ಊರಿನವಳೋ ಏನೋ. ಮುಖ ನೋಡಿದ್ರೆ ಭಾಗಾಕಾರ ಮಾಡಿ ಕೊನೆಗೆ ಉಳಿದ ಶೇಷದ ಹಾಗಿದೆ. ಪಾಪ, ಹುಟ್ಟಿದಾಗಿಂದ ನಕ್ಕೇ ಇಲ್ಲ ಅನ್ಸುತ್ತೆ.”

ಫೋನ್ ಇಟ್ಟು ಅವಳ ಕಡೆ ತಿರುಗಿದ. ಕೆನ್ನೆಯಲ್ಲಿ ಗುಳಿ ಬೀಳುವಂತೆ ನಕ್ಕು, “ಗುಡ್ ಮಾರ್ನಿಂಗ್” ಅಂದ.

ಅವಳೂ “ಗುಡ್ ಮಾರ್ನಿಂಗ್” ಅಂದಳು. ನಾಲಿಗೆ ತುದಿಗೆ ಬಂದಿದ್ದ ಕನ್ನಡವನ್ನು ನುಂಗಿಕೊಂಡಳು.

ಬೇರೆ ಮಾತಾಗಿದ್ದರೆ ಮರೆತುಬಿಡುತ್ತಿದ್ದಳೋ ಏನೋ. ಇದು ಹೋಗಿ ತಾಗಿದ್ದು ಹಳೆಯ ಗಾಯಕ್ಕೆ. ಹಿಂದೆ ಅವಳನ್ನು ನೋಡಲು ಬಂದಿದ್ದ ಹುಡುಗನ ತಾಯಿ, ನಡುಮನೆಯಲ್ಲಿ ಎಲ್ಲರ ಎದುರಿಗೇ, “ನಕ್ಕರೆ ಚೆನ್ನಾಗಿ ಕಾಣ್ತಾಳೇನೋ, ಆದ್ರೆ ನಗೋ ಜಾತಕವೇ ಅಲ್ಲ ಅನ್ಸುತ್ತೆ” ಎಂದಿದ್ದಳು. ಸಂಬಂಧ ಅಲ್ಲಿಗೇ ಮುರಿಯಿತು. ಆ ಸಂಜೆಯಿಡೀ ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕುಳಿತಿದ್ದರು. ಅವಳು ಹೊರದೇಶದ ಕೆಲಸ ಹುಡುಕಿದ್ದೇ ಅದಾದ ಮೇಲೆ. ಸಮುದ್ರ ದಾಟಿದರೂ ಅದೇ ಮಾತು ಬೆನ್ನಟ್ಟಿಕೊಂಡು ಬಂತಲ್ಲ!

‘ಇರಲಿ ಮಗನೇ, ನಿನಗೆ ಮಾಡ್ತೀನಿ’ ಎಂದುಕೊಂಡಳು.

ಸೇಡಿಗೆ ಬೇಕಾದ ಸಾಮಾನನ್ನೆಲ್ಲ ಅವನೇ ತಂದು ಕೊಡುತ್ತಿದ್ದ. ದಿನಾ ಊಟದ ಬಿಡುವಿನಲ್ಲಿ ಅಕ್ಕನಿಗೆ ಫೋನ್. ಅಕ್ಕನಿಗೆ ಹೇಳದ ವಿಷಯವೇ ಇಲ್ಲ. ಬೇಯಿಸಿದ ಮೊಟ್ಟೆಯ ವಾಸನೆ ಕಂಡರಾಗದು ಎಂದ. ಮರುದಿನದಿಂದ ಅವಳ ಊಟದ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ತಪ್ಪಲಿಲ್ಲ. ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದ. ಅವಳಿಗೆ ಇದ್ದಕ್ಕಿದ್ದಂತೆ ಚಳಿ ಶುರುವಾಯಿತು. ಅವನು ಮೂಗು ಮುಚ್ಚಿಕೊಂಡು, “ಅಕ್ಕ, ನಾನಿಲ್ಲಿ ಗ್ಯಾಸ್ ಚೇಂಬರ್‌ನಲ್ಲಿದೀನಿ” ಎಂದು ಗೋಳಿಡುವಾಗ ಅವಳು ತಲೆ ತಗ್ಗಿಸಿ ಪತ್ರಿಕೆ ತಿದ್ದುತ್ತಿದ್ದಳು. ಕೇಳಿಸಿಕೊಳ್ಳುವ ಅವಳ ಕಿವಿ ಮಾತ್ರ ಕೆಂಪಗಾಗಿರುತ್ತಿತ್ತು.

ಒಂದು ದಿನ, “ನೀರು ಅಂದ್ರೆ ಕೈಕಾಲು ನಡುಗುತ್ತೆ ಅಂತ ಇಲ್ಲಿ ಯಾರಿಗೂ ಹೇಳಿಲ್ಲ ಅಕ್ಕ. ಸಮುದ್ರದ ಪಾಠ ಮಾಡೋನು ನಾನು, ಮರ್ಯಾದೆ ಪ್ರಶ್ನೆ” ಎಂದ.

ಮಕ್ಕಳ ಪ್ರವಾಸದ ಉಸ್ತುವಾರಿ ಅವಳದೇ. ಮ್ಯೂಸಿಯಂ ಎಂದಿದ್ದದ್ದು ಸರೋವರವಾಯಿತು. ಮೊದಲ ದೋಣಿಗೆ ಮೇಷ್ಟ್ರನ್ನೇ ಹತ್ತಿಸಿ ತಾನೂ ಎದುರು ಕುಳಿತಳು. ತಮಾಷೆ ಹತ್ತಿರದಿಂದಲೇ ನೋಡಬೇಕಲ್ಲ!

ದೋಣಿ ದಡ ಬಿಟ್ಟಿತು. ಅವನ ಮುಖ ಸುಣ್ಣವಾಯಿತು. ಆದರೆ ಪಕ್ಕದಲ್ಲಿ ಕುಳಿತಿದ್ದ ಪುಟ್ಟ ಹುಡುಗಿ ಹೆದರಿ ಅಳತೊಡಗಿದಾಗ, ಅವನು ಆ ಮಗುವಿನ ಕೈ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಜಗತ್ತಿನ ನದಿಗಳ ಹೆಸರುಗಳನ್ನೆಲ್ಲ ಒಂದೇ ರಾಗದಲ್ಲಿ ಕೂಗಿ ಹಾಡತೊಡಗಿದ. ಶ್ರುತಿಯಿಲ್ಲ, ತಾಳವಿಲ್ಲ. ಹುಡುಗಿ ಅಳು ನಿಲ್ಲಿಸಿ ಬಾಯಿಬಿಟ್ಟು ನೋಡಿದಳು. ದೋಣಿಯಲ್ಲಿದ್ದವರೆಲ್ಲ ದನಿಗೂಡಿಸಿದರು.

ಟೀಚರ್‌ಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ಒಂದು ಕಣ್ಣು ತೆರೆದು ಅವಳನ್ನು ನೋಡಿದ. ಆಮೇಲೆ ಇನ್ನೊಂದನ್ನೂ ತೆರೆದ. ದೋಣಿ ದಡ ಸೇರುವವರೆಗೂ ಆ ಕಣ್ಣುಗಳು ನೀರನ್ನು ನೋಡಲೇ ಇಲ್ಲ.

ಆ ನೋಟವನ್ನು ಅವಳು ಮನೆಗೆ ಹೊತ್ತುಕೊಂಡು ಹೋದಳು. ಬಟ್ಟೆ ಮಡಿಸುವಾಗ, ಗಿಡಕ್ಕೆ ನೀರು ಹಾಕುವಾಗ ಅದು ಜೊತೆಗಿತ್ತು. ಸೇಡಿನ ಕಾವು ಆರಿಹೋಗುತ್ತಿದೆಯೇನೋ ಎಂದು ತನ್ನ ಮೇಲೇ ಸಿಡುಕಿದಳು.

ಮಾರನೆಯ ದಿನ ಅವನು ಫೋನಿನಲ್ಲಿ ಪಿಸುಗುಟ್ಟಿದ: “ನಕ್ಕಳು ಕಣೇ ಅಕ್ಕ! ನಕ್ಕರೆ ಎಷ್ಟು ಚೆನ್ನಾಗಿ ಕಾಣ್ತಾಳೆ ಗೊತ್ತಾ?”

ನಕ್ಕರೆ. ಅದೇ ನಡುಮನೆಯ ಮಾತು. ಹಾಗಾದರೆ ನಗದಿದ್ದರೆ? ಆರುತ್ತಿದ್ದ ಕೆಂಡಕ್ಕೆ ಅವನೇ ಗಾಳಿ ಹಾಕಿದಂತಾಯಿತು. ಈ ಸಲ ಮೊಟ್ಟೆ, ಕಿಟಕಿಗಳಂಥ ಚಿಲ್ಲರೆ ಸೇಡು ಸಾಲದು ಎಂದುಕೊಂಡಳು.

ಅವನ ಕೆಲಸ ಮುಂದುವರಿಯಬೇಕಾದರೆ ಪ್ರಿನ್ಸಿಪಾಲ್ ಮತ್ತು ಪೋಷಕರ ಎದುರು ಒಂದು ಪಾಠ ಮಾಡಿ ತೋರಿಸಬೇಕಿತ್ತು. “ಪಾಠ ಬಾಯಿಪಾಠ ಆಗಿದೆ ಅಕ್ಕ. ಆದ್ರೆ ಮಧ್ಯ ಯಾರಾದ್ರೂ ತಡೆದ್ರೆ ಮುಗೀತು, ಚಿಕ್ಕಂದಿನ ತೊದಲು ವಾಪಸ್ ಬರುತ್ತೆ.”

ಅವಳು ಮುಂದಿನ ಸಾಲಿನಲ್ಲಿ ಕುಳಿತಳು. ಅವನು ಗಾಳಿಯ ಬಗ್ಗೆ, ಮೋಡಗಳ ಬಗ್ಗೆ ನೀರು ಹರಿದಂತೆ ಹೇಳುತ್ತಿದ್ದ. ಮಾತು ಒಳ್ಳೆಯ ಓಟದಲ್ಲಿದ್ದಾಗ ಅವಳು ಕೈ ಎತ್ತಿದಳು. “ಒಂದು ನಿಮಿಷ, ಗಾಳಿಯ ಆ ದಿಕ್ಕು ಸರಿಯೇ?”

ಅವನು ನಿಂತ. “ಸ... ಸ... ಸ...”

ಆ ಅಕ್ಷರ ಮುಂದೆ ಹೋಗಲೇ ಇಲ್ಲ. ಪೋಷಕರು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅವನ ಕುತ್ತಿಗೆಯ ನರ ಉಬ್ಬಿತ್ತು. ಕೈಯಲ್ಲಿದ್ದ ಚಾಕ್ ಮುರಿದು ಬಿತ್ತು. ಗೆದ್ದ ಖುಷಿಗಾಗಿ ಅವಳು ಒಳಗೆಲ್ಲ ಹುಡುಕಿಕೊಂಡಳು. ಸಿಗಲಿಲ್ಲ.

ಕಾರಿಡಾರಿನ ಕೊನೆಯಲ್ಲಿ, ಅವಳಿಗೆ ಬೆನ್ನು ಹಾಕಿ ಅವನು ಫೋನಿನಲ್ಲಿ ಹೇಳುತ್ತಿದ್ದ: “ಅವಳನ್ನ ಯಾಕೆ ಬೈತೀಯ ಅಕ್ಕ? ಪ್ರಶ್ನೆ ಸರಿಯಾಗೇ ಇತ್ತು. ನನ್ನ ನಾಲಿಗೆ ಕಥೆ ಅವಳಿಗೇನು ಗೊತ್ತು? ಗೊತ್ತಿಲ್ದೆ ಕೇಳಿದ್ಳು ಪಾಪ.”

“ಗೊತ್ತಿತ್ತು,” ಅಂದಳು ಅವಳು ಹಿಂದಿನಿಂದ, ಕನ್ನಡದಲ್ಲಿ. “ಗೊತ್ತಿದ್ದೇ ಕೇಳ್ದೆ.”

ಅವನು ತಿರುಗಿದ. ಫೋನಿನೊಳಗೆ ಅಕ್ಕ “ಯಾರೋ ಅದು? ಯಾರೋ?” ಎಂದು ಕೂಗುತ್ತಲೇ ಇದ್ದಳು.

“ಯಾ... ಯಾವತ್ತಿಂದ?”

“ಮೊದಲನೇ ದಿನದಿಂದ. ಶೇಷ ಅಂದ್ರಲ್ಲ, ಆವತ್ತಿಂದ.”

ಅವನು ಫೋನ್ ಜೇಬಿಗೆ ಹಾಕಿಕೊಂಡು ಹೊರಟುಹೋದ.

ಅಂದಿನಿಂದ ಸೇಡಿನ ಸರದಿ ಅವನದು. ಒಂದು ಬೈಗುಳವಿಲ್ಲ, ಒಂದು ಕೊಂಕಿಲ್ಲ. ಅಕ್ಕನೊಂದಿಗಿನ ಮಾತು ಗೇಟಿನಾಚೆಗೆ ಹೋಯಿತು. ಅವಳಿಗೆ “ಎಕ್ಸ್‌ಕ್ಯೂಸ್ ಮಿ”, “ಥ್ಯಾಂಕ್ ಯು” ಮಾತ್ರ. ಅವಳೇ ಕಿಟಕಿ ತೆರೆದಿಟ್ಟಳು, ಮೊಟ್ಟೆ ಬಿಟ್ಟಳು. ಆದರೂ ಆ ಕೋಣೆ ಕನ್ನಡವಿಲ್ಲದೆ ಭಣಗುಟ್ಟಿತು. ಬೈಸಿಕೊಳ್ಳಲಾದರೂ ಒಂದು ಮಾತು ಬೇಕೆಂದು ಅವಳ ಜೀವ ಹಪಹಪಿಸಿತು.

ಕೊನೆಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. “ಅವರಿಗೆ ಇನ್ನೊಂದು ಅವಕಾಶ ಕೊಡಿ. ಶಿಕ್ಷೆ ನನಗಿರಲಿ.” ಪ್ರಿನ್ಸಿಪಾಲ್ ಕನ್ನಡಕ ತೆಗೆದು ಅವಳನ್ನು ದಿಟ್ಟಿಸಿದರು. ಪ್ರವಾಸದ ಉಸ್ತುವಾರಿ ಅವಳ ಕೈತಪ್ಪಿತು. ಅವನಿಗೆ ಇನ್ನೊಂದು ಪಾಠ ಸಿಕ್ಕಿತು.

ಆ ದಿನ ಅವಳು ಕೊನೆಯ ಸಾಲಿನಲ್ಲಿ, ಎತ್ತರದ ಪೋಷಕರೊಬ್ಬರ ಹಿಂದೆ ಅಡಗಿ ಕುಳಿತಳು. ಅವನು ಪಾಠ ಶುರು ಮಾಡುವ ಮೊದಲು ಸಭೆಗೆ ಹೇಳಿದ: “ಮಧ್ಯೆ ಪ್ರಶ್ನೆ ಕೇಳಿದರೆ ನನಗೆ ತೊದಲು ಬರುತ್ತದೆ. ಆದರೂ ಕೇಳಿ. ಉತ್ತರಕ್ಕೆ ಸ್ವಲ್ಪ ಕಾಯಿರಿ, ಅಷ್ಟೇ. ಮೊದಲನೆಯ ಪ್ರಶ್ನೆ ಗಣಿತದ ಟೀಚರ್ ಕೇಳಲಿ.”

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಅವಳು ಎದ್ದು ನಿಂತಳು. “ಅ... ಅದು... ಗಾ... ಗಾಳಿ...” ಒಂದು ಪದವೂ ನೆಟ್ಟಗೆ ಹೊರಡಲಿಲ್ಲ.

ಅವನು ಚಾಕ್ ಹಿಡಿದು, ತಲೆ ಒಂದಿಷ್ಟು ಓರೆ ಮಾಡಿ, ಆರಾಮವಾಗಿ ಕಾದ. ಕೆನ್ನೆಯ ಗುಳಿ ಮೆಲ್ಲಗೆ ಮೂಡಿತು. ಆ ದಿನ ಅವನ ನಾಲಿಗೆ ಅಲ್ಲಲ್ಲಿ ತಡೆಯಿತು, ಯಾರೂ ನಗಲಿಲ್ಲ. ಕೆಲಸ ಉಳಿಯಿತು.

ಪಾಠ ಮುಗಿಸಿ ಸ್ಟಾಫ್‌ರೂಮಿಗೆ ಬಂದವನು ಅವಳ ಎದುರು ಕುರ್ಚಿ ಎಳೆದುಕೊಂಡು ಕುಳಿತ.

“ಸಿಟ್ಟು ಇನ್ನೂ ಹೋಗಿಲ್ಲ,” ಅಂದ. ಕನ್ನಡದಲ್ಲಿ!

“ಹೋಗೋದೂ ಬೇಡ,” ಅಂದಳು ಅವಳು. “ನನ್ನದೂ ಪೂರ್ತಿ ಹೋಗಿಲ್ಲ.”

“ಆದ್ರೆ ಗೇಟ್ ಹತ್ರ ನಿಂತು ಮಾತಾಡಿದ್ರೆ ಏನೋ ಕೊರತೆ. ಏನಪ್ಪಾ ಅಂತ ನೋಡಿದ್ರೆ, ನೀವು ಕೇಳಿಸ್ಕೊಳ್ತಾ ಇಲ್ಲ.”

ಅವಳು ಕೆಂಪು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

“ಇರಿ, ಸೇಡು ಮುಗಿದಿಲ್ಲ,” ಎಂದು ಅವನು ಫೋನನ್ನು ಅವಳ ಕೈಗಿತ್ತ. “ಅಕ್ಕ ಮಾತಾಡ್ಬೇಕಂತೆ.”

“ನೀನೇನಮ್ಮಾ ಆ ಮಹಾತಾಯಿ?” ಫೋನ್ ಸಿಡಿಯಿತು. “ನನ್ನ ತಮ್ಮನ ನಾಲಿಗೆ ಜೊತೆ ಆಟ ಆಡೋಕೆ ನಿಂಗ್ಯಾರು ಅಧಿಕಾರ ಕೊಟ್ಟಿದ್ದು? ಅವನನ್ನ ಅಣಕಿಸಿದ ಹುಡುಗರನ್ನೆಲ್ಲ ನಾನು ಜುಟ್ಟು ಹಿಡಿದು ಗುದ್ದಿ ಬಂದಿದೀನಿ. ನೀನು ಸಮುದ್ರದಾಚೆ ಇದೀಯ, ಬದುಕಿಕೊಂಡೆ!”

“ತಪ್ಪಾಯ್ತು,” ಅಂದಳು ಅವಳು.

“ಅವನಿಗೂ ಸರಿಯಾಗೇ ಶಾಸ್ತಿ ಆಗಿದೆ ಬಿಡು. ಹೆಣ್ಣುಮಕ್ಕಳ ಮುಖಕ್ಕೆ ಮಾರ್ಕ್ಸ್ ಹಾಕೋಕೆ ಇವನ್ಯಾವ ಸೀಮೆ ಮೇಷ್ಟ್ರು?” ಅಕ್ಕ ಉಸಿರು ತೆಗೆದುಕೊಂಡಳು. “ಈಗ ಏನ್ ಮಾಡ್ತಿದಾನೆ ಅವನು?”

“ಎದುರಿಗೇ ಕೂತಿದಾರೆ. ನೋಡ್ತಿದಾರೆ.”

“ನೋಡ್ತಿದಾನಾ? ಹೇಗೆ ನೋಡ್ತಿದಾನೆ?”

ಅವಳು ತಲೆ ಎತ್ತಿದಳು. ಅವನು ಗಲ್ಲಕ್ಕೆ ಕೈ ಕೊಟ್ಟು, ರೆಪ್ಪೆ ಬಡಿಯುವುದನ್ನೂ ಮರೆತು, ಅವಳ ನಗದ, ಗಂಟು ಹಾಕಿಕೊಂಡ ಮುಖವನ್ನೇ ನೋಡುತ್ತಿದ್ದ.

“ಹೇಳೋಕಾಗಲ್ಲ ಅಕ್ಕ,” ಅಂದಳು ಅವಳು.

ಅಕ್ಕ ಎಂದು ಬಾಯಿತಪ್ಪಿ ಬಂದದ್ದು ಗೊತ್ತಾಗಿ ಅವಳು ತುಟಿ ಕಚ್ಚಿಕೊಂಡಳು. ಆಚೆ ಕಡೆ ಅಷ್ಟು ದೊಡ್ಡ ಬಾಯಿ ಮೊದಲ ಸಲ ಮೆಲ್ಲಗೆ, “ಇನ್ನೊಂದ್ಸಲ ಹಾಗೆ ಕರಿಯಮ್ಮಾ” ಎಂದಿತು.