ಬೀಗದ ಸೈಕಲ್, ಸಡಿಲ ಗಂಟು

"ಇದು ನಮ್ಮ ಬ್ಯಾಟರಿ ಅಲ್ಲ," ಅಂದ ತೈಮೆನ್. ನಮ್ಮಿಬ್ಬರ ನಡುವಿನ ಮೊದಲ ಮಾತೇ ಅದು.

"ನಿಮ್ಮದು ಹೇಗಾಗುತ್ತೆ? ದುಡ್ಡು ಕೊಟ್ಟವಳು ನಾನು," ಅಂದೆ.

ಅವನು ಸೈಕಲ್ ಕಂಪನಿಯ ಮೆಕ್ಯಾನಿಕ್. ನಾನು ಹಿಸ್ಕೆ, ಹಾರ್ಲಿಂಗನ್ ಎಂಬ ಕಡಲೂರಿನಲ್ಲಿ ಮನೆಮನೆಗೆ ಬ್ರೆಡ್ ಹಾಕುವವಳು. ಮುಂದೆ ದೊಡ್ಡ ಮರದ ಪೆಟ್ಟಿಗೆಯಿರುವ ನನ್ನ ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿ ಸತ್ತಿತ್ತು. ಒಳಗಿನ ಸೆಲ್‌ಗಳನ್ನು ನಾನೇ ಬದಲಿಸಿದೆ. ಅಷ್ಟಕ್ಕೇ ಸೈಕಲ್ ಮುನಿಸಿಕೊಂಡು ಮೋಟರಿಗೆ ಬೀಗ ಹಾಕಿಕೊಂಡಿತು. ಕಂಪನಿಯಿಂದಲೇ ಹೊಸ ಬ್ಯಾಟರಿ ಕೊಳ್ಳಬೇಕಂತೆ! ಮೋಟರಿಲ್ಲದೆ, ಕಡಲ ಗಾಳಿಗೆ ಎದುರಾಗಿ ಆ ಭಾರ ತುಳಿಯುವುದು ನನ್ನಿಂದಾಗದು. ಬ್ರೆಡ್ ತಲುಪದಿದ್ದರೆ ಗಿರಾಕಿಗಳೆಲ್ಲ ಸೂಪರ್‌ಮಾರ್ಕೆಟ್ ಪಾಲು.

"ಬೀಗ ತೆಗೆಯೋಕೆ ನಿಮಗೆ ಬರುತ್ತಾ?"

"ಬರುತ್ತೆ. ತೆಗೆಯೋ ಹಾಗಿಲ್ಲ."

"ಬಾಯಿದೆ, ಮಾತಾಡೋ ಹಾಗಿಲ್ಲ ಅಂದ ಹಾಗಾಯ್ತು!"

ಅವನ ಕಿವಿ ಕೆಂಪಾಯಿತು. ನನಗೆ ಸಿಟ್ಟು ನೆತ್ತಿಗೇರಿದ್ದು ನಿಜ. ಆದರೂ ಆ ಕಿವಿಗಳನ್ನು ಇನ್ನೊಂದು ಸಲ ನೋಡಿದೆ. ನೋಡಿದರೆ ತಪ್ಪೇನು?

ಶನಿವಾರ ಸೈಕಲ್ಲನ್ನು ತಳ್ಳಿಕೊಂಡು ಚರ್ಚಿನ ರಿಪೇರಿ ಕೆಫೆಗೆ ಹೋದೆ. ಅಲ್ಲಿ ಕೆಟ್ಟದ್ದನ್ನು ತಂದವರೇ ಸ್ಕ್ರೂಡ್ರೈವರ್ ಹಿಡಿಯಬೇಕು. ಬಲ್ಲವರು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ, ಆಫ್ಕೆ ಅಜ್ಜಿ ಕಾಫಿ ಕೊಡುತ್ತಾಳೆ. ನಾನು ಮೋಟರಿನ ಕವಚ ಬಿಚ್ಚುತ್ತಿದ್ದಾಗ ತೈಮೆನ್ ಬಂದ, ಕಂಪನಿಯ ಜಾಕೆಟ್ಟಿನಲ್ಲೇ.

"ಏನು, ಬೇಹುಗಾರಿಕೆಗೆ ಬಂದ್ರಾ?"

ಅವನು ನೀಲಿ ಕರವಸ್ತ್ರವೊಂದನ್ನು ನನ್ನ ಮುಂದಿಟ್ಟ. ಒಳಗೇನೋ ಇಟ್ಟು ಸಡಿಲವಾಗಿ ಗಂಟು ಹಾಕಿದ್ದ.

"ಬೀಗ ತೆಗೆಯೋ ಸರ್ವಿಸ್ ಕೀ. ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಹೋಗ್ಲಿ."

ಸುತ್ತಲಿನವರೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು.

"ಅಯ್ಯೋ ಹುಡುಗಾ!" ಆಫ್ಕೆ ಅಜ್ಜಿ ನಕ್ಕಳು. "ನಮ್ಮಜ್ಜಿ ಕಾಲದಲ್ಲಿ ಹೀಗೇ ಗಂಟು ಕೊಟ್ಟು ಹೆಣ್ಣು ಕೇಳ್ತಿದ್ರು ಕಣೋ. ಅವಳು ಗಂಟು ಬಿಗಿದ್ರೆ ಒಪ್ಪಿಗೆ. ಬಿಚ್ಚಿದ್ರೆ, ದಾರಿ ನೋಡ್ಕೋ ಅಂತ."

ಪಾಪ, ದೂರದ ರಾಟರ್‌ಡ್ಯಾಮಿನವನು, ಈ ಕಡೆಯ ಪದ್ಧತಿ ಇವನಿಗೇನು ಗೊತ್ತು ಅಂದುಕೊಂಡೆ. ಬಿಚ್ಚಿದರೆ ಸೈಕಲ್ ಸಿಗುತ್ತದೆ, ಬಿಗಿದರೆ ಇವನು. ಅತ್ತ ದರಿ, ಇತ್ತ ಪುಲಿ.

"ಗೊತ್ತಿತ್ತು ಅಜ್ಜಿ," ಅಂದ ಅವನು ಮೆಲ್ಲಗೆ, ನನ್ನನ್ನೇ ನೋಡುತ್ತಾ. "ನಮ್ಮಮ್ಮ ಈ ಕಡೆಯವಳೇ."

ಈ ಸಲ ಕಿವಿ ಕೆಂಪಾದದ್ದು ನನ್ನದು. ಅವನ ಮೇಲೆ ಪ್ರೀತಿ ಉಕ್ಕಿ ಬಂತು, ಜೊತೆಗೇ ಹಠವೂ ಬಂತು. ಕದ್ದ ಕೀಲಿಯಿಂದ ತೆರೆದರೆ ಬೀಗ ಹಾಕುವ ಹಕ್ಕು ಕಂಪನಿಯದೇ ಎಂದು ಒಪ್ಪಿದ ಹಾಗಲ್ಲವೇ? ಗಂಟಿನ ಎರಡೂ ತುದಿ ಹಿಡಿದು ಹಲ್ಲು ಕಚ್ಚಿ ಬಿಗಿದೆ. ಹಾಗೇ ಅವನ ಜೇಬಿಗೆ ತುರುಕಿದೆ.

"ಅಂದ್ರೆ... ಬೇಡ್ವಾ?"

"ಕೀ ಬೇಡ. ನೀನು ಕೂತ್ಕೋ, ಟಾರ್ಚ್ ಹಿಡಿ."

ಮೋಟರಿಗೆ ಬೀಗ ಹಾಕಿದ್ದ, ಅದನ್ನು ನಡೆಸುವ ಕಂಪನಿಯ ಕಂಟ್ರೋಲರನ್ನೇ ಕಿತ್ತು, ಕೆಫೆಯ ಹಳೇ ಸಾಮಾನಿನಲ್ಲಿ ಸಿಕ್ಕ, ಯಾರ ಬೀಗವೂ ಇಲ್ಲದ ಬೇರೊಂದನ್ನು ಕೂರಿಸಿದೆ. ತಂತಿ ಜೋಡಿಸುವಾಗ ಅವನ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಇಬ್ಬರೂ ಪಕ್ಕಕ್ಕೆ ಸರಿಯಲಿಲ್ಲ. ಸಂಜೆ ಹೊತ್ತಿಗೆ ಮೋಟರ್ ಗುಂಯ್ ಅಂತ ತಿರುಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಬಾಗಿಲ ಹತ್ತಿರ ತೈಮೆನ್ ತಡೆದು ನಿಂತ. "ಜೊತೆಗೆ ಬರ್ಲಾ? ಅಪ್ಪಣೆ ಇದೆಯಾ?"

"ನನ್ನ ಸೈಕಲ್ ಓಡೋಕೆ ಯಾರಪ್ಪನ ಅಪ್ಪಣೆಯೂ ಬೇಡ," ಅಂದೆ. "ನನ್ನ ಜೊತೆ ಬರೋಕೆ ಮಾತ್ರ ನನ್ನ ಅಪ್ಪಣೆ ಬೇಕು. ಹತ್ತು, ಪೆಟ್ಟಿಗೆಯೊಳಗೆ ಕೂತ್ಕೋ."